ನನ್ನ ಹೆಸರಿನ ಖಾತೆಯಲ್ಲಿ ರವಿಕೆ ಹೊಲಿದವಳು

ನಮ್ಮ ಮನೆಯ ಫೋನುಗಳಿಗೆಲ್ಲ ನಾನೇ ಯಜಮಾನ. ಯಾರೂ ಕರೆದು ಪಟ್ಟ ಕಟ್ಟಿದ್ದಲ್ಲ, ನಾನೇ ಕಟ್ಟಿಕೊಂಡದ್ದು. ತರೀಕೆರೆಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ದಿನಾ ಅಜ್ಜಂಪುರದಿಂದ ಬಸ್ಸಿನಲ್ಲಿ ಹೋಗಿಬರುವವನು, ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠದ ತರಬೇತಿ ಪಡೆದು ಬಂದವನು. ಇಷ್ಟು ಅರ್ಹತೆ ಸಾಕು ಅನ್ನಿಸಿತ್ತು. ಈ ಯಜಮಾನಿಕೆಯ ಭರದಲ್ಲಿ ನನ್ನ ತಮ್ಮನ ಹೆಂಡತಿ ವರ್ಷಗಟ್ಟಲೆ ಬೆಳೆಸಿದ್ದನ್ನು ಒಂದೇ ಬೆರಳಲ್ಲಿ ಹೇಗೆ ಮುಚ್ಚಿಹಾಕಿದೆ ಎಂಬ ಕಥೆಯನ್ನು ನೀವು ನನ್ನ ಬಾಯಿಂದಲೇ ಕೇಳುವುದು ಮೇಲು. ನಮ್ಮ ಮನೆಯವರು ಹೇಳಿದರೆ ಇನ್ನೂ ಕೆಟ್ಟದಾಗಿ ಹೇಳುತ್ತಾರೆ.

ನಮ್ಮ ಕಡೆ ಏನನ್ನೇ ಮಾಡಿಸಿದರೂ ಹಿರಿಯನ ಹೆಸರಿಗೆ ಮಾಡಿಸುವುದು ವಾಡಿಕೆ. ಅಪ್ಪ ತೀರಿಕೊಂಡು ಬಹಳ ಕಾಲವಾದರೂ ಜಮೀನಿನ ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಕರೆಂಟಿನ ಮೀಟರು ತಾತನ ಹೆಸರಲ್ಲಿದೆ; ಬಿಲ್ಲು ಬಂದಾಗಲೆಲ್ಲ ತಾತ ಇಲ್ಲೇ ಎಲ್ಲೋ ಹೊರಗೆ ಹೋಗಿದ್ದಾನೆ ಅನ್ನಿಸುತ್ತದೆ. ಹೀಗಿರುವಾಗ ಮನೆಗೆ ಮೊದಲ ಟಚ್ ಫೋನು ಬಂತು, ಖಾತೆ ಕೇಳಿತು, ನನ್ನ ಹೆಸರಲ್ಲಿ ಮಾಡಿದೆ. ಎರಡನೆಯ ಫೋನು ಬಂತು, ಅದೂ ಕೇಳಿತು, ಇದ್ದದ್ದನ್ನೇ ಹಾಕಿದೆ. ಅವ್ವನ ಫೋನು, ನನ್ನ ಹೆಂಡತಿಯದು, ತಮ್ಮನದು, ತಮ್ಮನ ಹೆಂಡತಿಯದು, ಹಜಾರದ ಟಿವಿ, ಮಕ್ಕಳ ಪಾಠಕ್ಕೆಂದು ತಂದ ಟ್ಯಾಬು, ಎಲ್ಲಕ್ಕೂ ಒಂದೇ ಖಾತೆ, ಒಂದೇ ಪಾಸ್‌ವರ್ಡು. ಒಂದೇ ಒಲೆಯಲ್ಲಿ ಬೇಯಿಸಿ ತಿನ್ನುವವರಿಗೆ ಬೇರೆ ಬೇರೆ ಖಾತೆ ಯಾಕೆ, ನಾವೇನು ಪಾಲಾಗಿದ್ದೇವಾ ಎಂದು ನಾನು ಹೇಳಿದ್ದು ಅವ್ವನಿಗೆ ಬಹಳ ಹಿಡಿಸಿತ್ತು.

ಅದರ ಜೊತೆಗೆ ಒಂದು ಕಾನೂನನ್ನೂ ಮಾಡಿದ್ದೆ. ಯಾರು ಎಲ್ಲಿ ಹೊಸ ಪಾಸ್‌ವರ್ಡು ಇಟ್ಟರೂ ನನಗೆ ಹೇಳಬೇಕು. ಉಳಿದವರು ಮರೆಯುತ್ತಾರೆ, ನಾನು ಮರೆಯುವುದಿಲ್ಲ ಎಂಬುದು ಕಾರಣ. ಎಷ್ಟೋ ಸಲ ಹೇಳುವ ತನಕವೂ ಕಾಯುತ್ತಿರಲಿಲ್ಲ, ಟೈಪು ಮಾಡುವಾಗ ಹಿಂದೆ ನಿಂತು ನೋಡಿಬಿಡುತ್ತಿದ್ದೆ. ಮೇಷ್ಟ್ರಾದವನಿಗೆ ಇನ್ನೊಬ್ಬರ ಬೆನ್ನ ಹಿಂದೆ ನಿಲ್ಲುವುದು ಬಿಡದ ಚಾಳಿ.

ಒಂದೇ ಖಾತೆಯ ಸುಖ ಉಂಡವರಿಗೇ ಗೊತ್ತು. ತಮ್ಮ ಹುಷಾರಿಲ್ಲದ ಹಸುವಿನ ಕೆಚ್ಚಲಿನ ಫೋಟೊ ತೆಗೆದರೆ ಅದು ನನ್ನ ಫೋನಿನಲ್ಲೂ ಬಂದು ಕೂರುತ್ತಿತ್ತು. ಒಂದು ಸಲ ಹೆಡ್‌ಮಾಸ್ಟರಿಗೆ ವಾರ್ಷಿಕೋತ್ಸವದ ಫೋಟೊ ತೋರಿಸುತ್ತ ಬೆರಳು ಸರಿಸಿದೆ, ಮುಖ್ಯ ಅತಿಥಿಗಳ ಹಿಂದೆಯೇ ಕೆಚ್ಚಲು ಬಂತು. ಅವರು ದೊಡ್ಡ ಮನುಷ್ಯರು, ಏನೂ ಕೇಳಲಿಲ್ಲ. ನನ್ನ ಹೆಂಡತಿ ತನ್ನ ಫೋನಿನಲ್ಲಿ ನನ್ನ ಹೆಸರನ್ನು 'ಇವ್ರು' ಎಂದು ತಿದ್ದಿಕೊಂಡ ದಿನ ಮನೆಯ ಎಲ್ಲ ಫೋನುಗಳಲ್ಲೂ ನಾನು 'ಇವ್ರು' ಆದೆ. ಅವ್ವ ಅದನ್ನು ಓದಿ, ಯಾರೋ ಗೊತ್ತಿಲ್ಲದವರು ಮಾಡುತ್ತಿದ್ದಾರೆಂದು ಒಂದು ವಾರ ನನ್ನ ಫೋನನ್ನೇ ಎತ್ತಲಿಲ್ಲ.

ಆಮೇಲೆ ಹತ್ತನೇ ತರಗತಿಯಲ್ಲಿ ವೃತ್ತದ ಪಾಠ. ಟ್ಯಾಬನ್ನು ದೊಡ್ಡ ಪರದೆಗೆ ಜೋಡಿಸಿ ಸ್ಪರ್ಶಕದ ಚಿತ್ರ ತೋರಿಸಲು ಹೋದೆ. ಪರದೆ ತುಂಬ ರವಿಕೆ. ಬೆನ್ನಿಗೆ ಲಾಡಿ ಕಟ್ಟಿದ್ದು, ತೋಳು ಉಬ್ಬಿದ್ದು, ಕುಚ್ಚು ಇಳಿಬಿಟ್ಟದ್ದು. ಹುಡುಗಿಯರು ಬೆಂಚಿಗೆ ಮುಖ ಒತ್ತಿ ನಕ್ಕರು. ಮನೆಗೆ ಬಂದು ಹೆಂಡತಿಯ ಮೇಲೆ ಹಾರಾಡಿದೆ. ಅವಳು ಏನೋ ಹೇಳಹೋದವಳು, ನನ್ನ ಮುಖ ನೋಡಿ, ಬೇಡವೆಂದು ಒಳಗೆ ಹೋದಳು. ಬುದ್ಧಿ ಇರುವವನಾಗಿದ್ದರೆ ಅಲ್ಲೇ ವಿಚಾರಿಸುತ್ತಿದ್ದ.

ವಿಷಯ ಇಷ್ಟು. ಕೊರೋನಾ ಕಾಲದಲ್ಲಿ ವಿಡಿಯೊ ಹಾಕಲು ನಾನೊಂದು ಚಾನಲ್ ಮಾಡಿದ್ದೆ. 'ಮೇಷ್ಟ್ರ ಲೆಕ್ಕ' ಎಂದು ಹೆಸರು, ಕೋಟು ಹಾಕಿಕೊಂಡ ನನ್ನ ಫೋಟೊ. ಒಂದೆರಡು ಪಾಠ ಹಾಕಿದೆ. 'ಸಾರ್ ಏನೂ ಕೇಳ್ತಿಲ್ಲ' ಎಂದು ಯಾರೋ ಬರೆದರು. ಬಂದ ಅಭಿಪ್ರಾಯ ಅದೊಂದೇ. ಅವಮಾನವಾಗಿ, ಆ ಚಾನಲಿನಿಂದ ಯಾವ ಸುದ್ದಿಯೂ ನನಗೆ ಬರದ ಹಾಗೆ ಮಾಡಿ, ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ತಮ್ಮನ ಹೆಂಡತಿ ಕಡೂರಿನವಳು, ಮದುವೆಗೆ ಮೊದಲೇ ಹೊಲಿಗೆ ಕಲಿತವಳು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಹಜಾರದಲ್ಲಿ ಕೂತು ಊರವರ ರವಿಕೆ ಹೊಲಿಯುತ್ತಿದ್ದಳು. ನಾನು ಆ ಹೊತ್ತಿಗೆ ತರೀಕೆರೆಯಲ್ಲಿ. ಒಂದು ದಿನ ಟ್ಯಾಬನ್ನು ಗೋಡೆಗೆ ಒರಗಿಸಿ, ರವಿಕೆ ಕತ್ತರಿಸುವುದನ್ನು ತೋರಿಸುತ್ತ ಒಂದು ವಿಡಿಯೊ ತೆಗೆದು ಹಾಕಿದಳು. ಟ್ಯಾಬಿನಲ್ಲಿ ಇದ್ದದ್ದು ನನ್ನ ಖಾತೆ. ವಿಡಿಯೊ ಹೋಗಿ 'ಮೇಷ್ಟ್ರ ಲೆಕ್ಕ'ದಲ್ಲಿ ಕೂತಿತು. ಬೇರೆ ಖಾತೆ ಮಾಡೋಣವೆಂದರೆ ಭಾವನನ್ನು ಕೇಳಬೇಕು, ಕೇಳಿದರೆ ಭಾಷಣ ಕೇಳಬೇಕು. ಇದ್ದಲ್ಲೇ ಹಾಕುತ್ತ ಹೋದಳು. ಮುಖ ತೋರಿಸುತ್ತಿರಲಿಲ್ಲ, ಕೈ ಮತ್ತು ಮಾತು ಅಷ್ಟೆ. ಎದೆ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಹೊಲಿಗೆಗೆ ಇಷ್ಟು ಬಿಟ್ಟು, ಕಂಕುಳ ಹತ್ತಿರ ಇಷ್ಟು ಇಳಿಸಿ ಎಂದು ಸೀಮೆಸುಣ್ಣದಲ್ಲಿ ಗೆರೆ ಹಾಕಿ ತೋರಿಸುವಳು. ಸೀಮೆಸುಣ್ಣವೂ ನನ್ನದೇ, ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಸಿಕ್ಕಿದ್ದು. ನೋಡುವ ಹೆಂಗಸರಿಗೆ ಚಾನಲಿನ ಹೆಸರೂ ಸರಿಯಾಗಿಯೇ ಕಂಡಿತು, ಎಲ್ಲ ಲೆಕ್ಕವೇ ತಾನೆ. ಲಿಂಗದಹಳ್ಳಿಯ ಹೆಂಗಸೊಬ್ಬಳು, ಕೋಟು ಹಾಕಿರೋರು ಯಾರಕ್ಕ ಎಂದು ಕೇಳಿದ್ದಕ್ಕೆ, ನಮ್ಮ ಭಾವ, ಇದು ಅವರದೇ ಚಾನಲ್ಲು ಎಂದು ಇವಳು ಉತ್ತರ ಬರೆದಿದ್ದಳಂತೆ. ಅದು ನನಗೆ ಆಮೇಲೆ ತಿಳಿದದ್ದು. ಮನೆಯಲ್ಲಿ ನನಗೊಬ್ಬನಿಗೆ ಬಿಟ್ಟು ಎಲ್ಲರಿಗೂ ಎಲ್ಲ ಗೊತ್ತಿತ್ತು.

ಈ ವರ್ಷ ಅವಳು ಅಜ್ಜಂಪುರದ ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಗೊತ್ತುಮಾಡಿಕೊಂಡಳು. ಶ್ರಾವಣದ ಮೊದಲ ಶುಕ್ರವಾರದಿಂದ ಹೊಲಿಗೆ ಪಾಠ ಶುರು. ಮನೆಯಲ್ಲಿ ಹೇಳಿದಾಗ, ಯಾರು ಬರ್ತಾರಮ್ಮ ಎಂದು ನಾನು ನಕ್ಕಿದ್ದೆ.  ಬರುತ್ತೇವೆ ಎಂದವರೆಲ್ಲ ಆ ಚಾನಲಿನ ಹೆಂಗಸರು, ಕಡೂರು, ಬೀರೂರು, ತರೀಕೆರೆ ಕಡೆಯವರು. ಕೋಣೆ ಎಲ್ಲಿದೆ, ಎಷ್ಟು ಹೊತ್ತಿಗೆ ಬರಬೇಕು, ಏನು ತರಬೇಕು ಎಂಬುದನ್ನೆಲ್ಲ ಮುಂದಿನ ವಿಡಿಯೊದಲ್ಲಿ ಹೇಳುತ್ತೇನೆ ಎಂದಿದ್ದಳು. ಅವರಲ್ಲಿ ಒಬ್ಬರ ನಂಬರೂ ಅವಳ ಹತ್ತಿರ ಇರಲಿಲ್ಲ. ಆ ವಿಡಿಯೊ ಹೋಗದಿದ್ದರೆ ಶುಕ್ರವಾರ ಆ ಕೋಣೆಯಲ್ಲಿ ಅವಳೊಬ್ಬಳೇ ಕೂರಬೇಕು. ಚೆನ್ನಾಗಿ ಬರಲೆಂದು ಕಡೂರಿಗೆ ಹೋಗಿ ಹೊಸ ಫೋನು ಕೊಂಡಳು, ಅಂಗಡಿಯಲ್ಲೇ ಖಾತೆಯನ್ನೂ ಹಾಕಿಕೊಂಡಳು.

ಆ ಹೊತ್ತಿಗೆ ನಾನು ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿದ್ದೆ. ಫೋನು ಗುಂಯ್ ಎಂದಿತು. ಕಡೂರಿನಲ್ಲಿ ಯಾರೋ ಹೊಸ ಫೋನಿನಿಂದ ನಿಮ್ಮ ಖಾತೆಯೊಳಗೆ ಬಂದಿದ್ದಾರೆ, ಇದು ನೀವೇನಾ? ನಾನು ತರೀಕೆರೆಯಲ್ಲಿ ಕೂತಿದ್ದೇನೆ, ಕಡೂರಿನಲ್ಲಿರುವವನು ನಾನು ಹೇಗಾದೇನು? ಅಲ್ಲ ಎಂದು ಒತ್ತಿದೆ. ಮನೆತುಂಬ ಜನರಿಗೆ ಒಂದೇ ಖಾತೆ ಹಂಚಿದವನು ಉತ್ತರ ಕೊಡುವ ಮೊದಲು ಸ್ವಲ್ಪ ಯೋಚಿಸಬೇಕಿತ್ತು. ಯೋಚಿಸುವ ಬದಲು ಕಳ್ಳ ಏನೇನು ಮಾಡಿದ್ದಾನೆಂದು ಒಳಗೆ ಹೋಗಿ ನೋಡಿದೆ. ನನ್ನ ಚಾನಲಿನ ತುಂಬ ರವಿಕೆ. ಮೈಯೆಲ್ಲ ಬೆವರಿತು. ಪಕ್ಕದಲ್ಲಿ ಸಮಾಜ ಪಾಠದ ಮೇಡಂ ಕೂತಿದ್ದರಿಂದ ಶಬ್ದ ಬರದಂತೆ ಮಾಡಿ ನೋಡಿದೆ. ನಮ್ಮ ಹಜಾರದ ಕೆಂಪು ನೆಲ, ನಮ್ಮ ಕಿಟಕಿ, ಅಂಚಿನಲ್ಲಿ ಅಡಕೆ ಕತ್ತರಿಸುತ್ತ ಕೂತ ನಮ್ಮವ್ವನ ಮೊಣಕಾಲು. ಹೆತ್ತ ತಾಯಿಯ ಮೊಣಕಾಲು ನನಗೆ ಗುರುತಾಗಲಿಲ್ಲ. ಯಾವುದೋ ದೊಡ್ಡ ಜಾಲ, ಮುದುಕಿಯರನ್ನೂ ಸೇರಿಸಿಕೊಂಡಿದ್ದಾರೆ ಎಂದುಕೊಂಡೆ.

ತಕ್ಷಣ ಪಾಸ್‌ವರ್ಡು ಬದಲಿಸಿದೆ. ಎಲ್ಲ ಸಾಧನಗಳಿಂದಲೂ ಹೊರಹಾಕು ಎಂದು ಒತ್ತಿದೆ. ಕಳ್ಳ ನನ್ನ ಫೋನಿನೊಳಗೂ ಅಡಗಿರಬಹುದೆಂಬ ಅನುಮಾನ ಬಂದು, ನನ್ನ ಫೋನಿನಿಂದಲೂ ಖಾತೆಯನ್ನು ಕಿತ್ತುಹಾಕಿದೆ. ಸ್ಟಾಫ್ ರೂಮಿನಲ್ಲಿ ಎದ್ದು ನಿಂತು, ಇಂಥ ಸಮಯದಲ್ಲಿ ಗಾಬರಿಯಾಗಬಾರದು ಎಂದು ಉಳಿದವರಿಗೆ ಬುದ್ಧಿ ಹೇಳಿದೆ.

ಸಂಜೆ ಗೆದ್ದು ಬಂದವನ ಹಾಗೆ ಮನೆಗೆ ಕಾಲಿಟ್ಟೆ. ಟಿವಿ ನಿಂತಿತ್ತು, ಅವ್ವನ ಧಾರಾವಾಹಿ ನಿಂತಿತ್ತು, ಎಲ್ಲರ ಫೋನೂ ಪಾಸ್‌ವರ್ಡು ಕೇಳುತ್ತ ಕೂತಿತ್ತು. ನಾನು ಚಪ್ಪಲಿ ಬಿಡುತ್ತಲೇ, ಯಾರೋ ನಮ್ಮ ಖಾತೆಗೆ ನುಗ್ಗಿ ರವಿಕೆ ವ್ಯಾಪಾರಕ್ಕಿಳಿದಿದ್ದರು, ಬಾಗಿಲು ಹಾಕಿ ಬಂದಿದ್ದೇನೆ ಎಂದೆ.  ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿ ಹೇಳಿದಳು.

"ಭಾವ, ಅದು ನಾನೇ."

ಕಥೆಯೆಲ್ಲ ಆಗ ಹೊರಬಂತು. ಹೇಳಿದ್ದು ನನ್ನ ಹೆಂಡತಿ, ಒಂದನ್ನೂ ಬಿಡದೆ. ನಾನು ಹೆಗಲು ಕುಣಿಸಿ, ಅಷ್ಟೇ ತಾನೆ, ಹೊಸ ಪಾಸ್‌ವರ್ಡು ಹಾಕಿದರಾಯಿತು ಎಂದು ಟ್ಯಾಬು ತೆಗೆದುಕೊಂಡೆ. ಕಳ್ಳರಿಗೆ ದಕ್ಕಬಾರದೆಂದು ವರ್ಗ ಸಮೀಕರಣದ ಸೂತ್ರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ನಡುವೆ ಏನೇನೋ ಚಿಹ್ನೆ ಸೇರಿಸಿ ಇಟ್ಟಿದ್ದೆ. ಯಾವ ಅಕ್ಷರ ದೊಡ್ಡದು, ಯಾವ ಚಿಹ್ನೆ ಎಲ್ಲಿ? ಕೋಪದಲ್ಲಿ ಕಟ್ಟಿದ ಗಂಟು, ಬಿಚ್ಚಲು ಬರಲಿಲ್ಲ. ಮತ್ತೆ ಮತ್ತೆ ಹಾಕಿದೆ. ಸಾಕು, ಸ್ವಲ್ಪ ಹೊತ್ತು ಬಿಟ್ಟು ಬಾ ಎಂದಿತು. ಬಿಟ್ಟು ಬಂದೆ. ಕೋಡನ್ನು ನಿಮ್ಮ ನಂಬರಿಗೆ ಕಳಿಸಿದ್ದೇವೆ ಎಂದು ಒಂದು ನಂಬರಿನ ಕೊನೆಯ ಎರಡು ಅಂಕಿ ತೋರಿಸಿತು. ಆ ಅಂಕಿಯ ನಂಬರು ನನ್ನದಲ್ಲ, ಅವ್ವನದಲ್ಲ, ಹೆಂಡತಿಯದೂ ಅಲ್ಲ. ಖಾತೆ ಮಾಡಿದ ಕಾಲದಲ್ಲಿ ಯಾವುದೋ ಸಿಮ್ಮಿನ ನಂಬರು ಕೊಟ್ಟಿದ್ದೆ, ಅದು ಎಲ್ಲಿ ಹೋಯಿತೋ ನೆನಪಿಲ್ಲ.

ಮರೆತಿದ್ದೇನೆಂದು ಹೇಳಲು ನನಗೆ ಬಾಯಿ ಬರಬೇಕಲ್ಲ. ತಾಂತ್ರಿಕ ತೊಂದರೆ ಎಂದೆ. ಇಂಗ್ಲಿಷಿನಲ್ಲಿ ಸರ್ವರ್ ಎಂಬ ಮಾತನ್ನೂ ಸೇರಿಸಿದೆ. ತಮ್ಮನಿಗೂ ಅದನ್ನೇ ಹೇಳಿದೆ. ರಜೆ ಹಾಕಿ ಕಡೂರಿನ ಮೊಬೈಲ್ ಅಂಗಡಿಗೂ ಹೋಗಿಬಂದೆ. ಆ ನಂಬರು ಸಿಕ್ಕದೆ ಏನೂ ಆಗಲ್ಲ ಸಾರ್ ಎಂದು ಕೈಚೆಲ್ಲಿಬಿಟ್ಟರು. ತಮ್ಮನ ಹೆಂಡತಿ ಎಂದಿನಂತೆ ಮನೆಗೆಲಸ ಮಾಡಿಕೊಂಡಿದ್ದಳು. ನಾನು ಊಟಕ್ಕೆ ಕೂತರೆ ಮುದ್ದೆ ಇಟ್ಟು, ಸಾರು ಬಿಟ್ಟು ಒಳಗೆ ಹೋಗುವಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹೊಸ ಚಾನಲ್ ಮಾಡಬಹುದಲ್ಲ ಎಂದು ಹೆಂಡತಿಯ ಹತ್ತಿರ ಹೇಳಿ ನೋಡಿದೆ. ಅವಳು ಹೇಳಿದಳು, "ಅಂಗ್ಡಿ ಬೇರೆ ಮಾಡ್ಬೋದು ಕಣ್ರೀ. ಗಿರಾಕಿಗೆ ಯಾರ್ ಹೇಳ್ತಾರೆ, ನೀವು ಹೋಗಿ ಊರೂರಲ್ಲಿ ಸಾರ್ತೀರಾ?"  ತಮ್ಮನ ಹೆಂಡತಿ ಖಾಲಿ ಕೋಣೆಯಲ್ಲಿ ಬಾಗಿಲ ಕಡೆ ನೋಡುತ್ತ ಕೂತಿರುವುದೇ ಕಣ್ಣಿಗೆ ಕಟ್ಟುತ್ತಿತ್ತು.

ಪಾಠದ ಶುಕ್ರವಾರಕ್ಕೆ ಎರಡೇ ದಿನ ಉಳಿದಿದ್ದ ಬುಧವಾರ ಎಲ್ಲರೂ ಊಟಕ್ಕೆ ಕೂತಾಗ ನಾನು ಮತ್ತೆ ಸರ್ವರಿನ ಸುದ್ದಿ ಎತ್ತಿದೆ. ಅವ್ವ ತಟ್ಟೆ ಪಕ್ಕಕ್ಕಿಟ್ಟಳು.

"ಲೇ, ಆ ಮಗಿ ಮಕ ನೋಡೋ ಒಂದ್ಸಲ. ಮರ್ತೋಗೈತೆ ಅಂತ ಬಾಯ್ಬಿಟ್ಟು ಹೇಳಕ್ಕೆ ನಿಂಗೇನ್ ದಾಡಿ?"

ಮರೆತಿದ್ದೇನೆ ಎಂದೆ. ಕೋಡು ಯಾವುದೋ ಹಳೆಯ ನಂಬರಿಗೆ ಹೋಗುತ್ತಿದೆ, ಅದೂ ನೆನಪಿಲ್ಲ ಎಂದೆ. ತಮ್ಮ ಕೊನೆಯ ಎರಡು ಅಂಕಿ ಯಾವುವು ಎಂದು ಕೇಳಿದ. ಹೇಳಿದೆ. ಅವನು ಬಾಯಲ್ಲಿದ್ದ ತುತ್ತನ್ನು ನುಂಗಿ, ನೀರು ಕುಡಿದು, ನನ್ನನ್ನು ನೋಡಿದ.

"ಅಣ್ಣ, ಅದು ಮೋಟ್ರಿಗೆ ಹಾಕಿರೋ ಸಿಮ್ಮು."

ಶಿವನಿ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ತೆಂಗಿನ ತೋಟ ಇದೆ. ಅಲ್ಲಿನ ಬೋರಿನ ಮೋಟರನ್ನು ಮನೆಯಿಂದಲೇ ಫೋನು ಮಾಡಿ ಶುರುಮಾಡುವ ಪೆಟ್ಟಿಗೆಯೊಂದನ್ನು ತಮ್ಮ ಹಾಕಿಸಿದ್ದ. ಆ ಪೆಟ್ಟಿಗೆಗೂ ಒಂದು ಸಿಮ್ಮು ಬೇಕು. ಮನೆಯಲ್ಲಿ ಸುಮ್ಮನೆ ಬಿದ್ದಿದೆಯಲ್ಲ, ಇದನ್ನೇ ಹಾಕು ಎಂದು ಡ್ರಾಯರಿನಿಂದ ತೆಗೆದುಕೊಟ್ಟವನು ನಾನೇ ಅಂತೆ. ಅಲ್ಲಿಗೆ, ಇಷ್ಟು ದಿನ ನಾನು ಬೇಡಿದ ಕೋಡುಗಳೆಲ್ಲ ಹೋಗಿ ಬೋರಿನ ಮೋಟರಿಗೆ ತಲುಪುತ್ತಿದ್ದವು. ಪುಣ್ಯಕ್ಕೆ ಅದಕ್ಕೆ ಓದುಬರಹ ಬರುತ್ತಿರಲಿಲ್ಲ. ಅವ್ವ ನಕ್ಕಳು, ಹೆಂಡತಿ ನಕ್ಕಳು, ಕೊನೆಗೆ ತಮ್ಮನ ಹೆಂಡತಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅವಳು ನಕ್ಕದ್ದನ್ನು ನೋಡಿ ನನಗೆ ಜೀವ ಬಂದಂತಾಯಿತು.

ಆ ಸಂತೋಷದಲ್ಲಿ ದೊಡ್ಡ ಮನಸ್ಸು ಮಾಡಿದೆ. ಚಾನಲು ಖಾತೆಗೆ ಅಂಟಿಕೊಂಡೇ ಇರುವುದರಿಂದ ಖಾತೆಯನ್ನೇ ಅವಳಿಗೆ ಬಿಟ್ಟುಕೊಡುತ್ತೇನೆ, ಇನ್ನು ಮೇಲೆ ಅದು ಅವಳದೇ, ಅದರಲ್ಲಿ ನನ್ನದೇನಿದೆ ಎಂದು ಎಲ್ಲರ ಮುಂದೆ ಘೋಷಿಸಿದೆ. ಅಣ್ಣ ಅಂದ್ರೆ ಹಿಂಗಿರಬೇಕು ಎಂದಳು ಅವ್ವ. ನನಗೂ ಹಾಗೇ ಅನ್ನಿಸಿತು.

ಗುರುವಾರ ಬೆಳಿಗ್ಗೆ ತೋಟಕ್ಕೆ ಹೋದೆವು. ತಮ್ಮ, ಅವನ ಹೆಂಡತಿ ಬೈಕಿನಲ್ಲಿ, ಹಿಂದೆ ನನ್ನ ಸ್ಕೂಟರು. ತಮ್ಮ ಕರೆಂಟು ತೆಗೆದು, ಪೆಟ್ಟಿಗೆ ಬಿಚ್ಚಿ, ಒಳಗಿದ್ದ ಹಲ್ಲಿಯನ್ನು ಓಡಿಸಿ, ಸಿಮ್ಮನ್ನು ತೆಗೆದು ಅಂಗಿಗೆ ಒರೆಸಿ ತನ್ನ ಫೋನಿಗೆ ಹಾಕಿದ. ಅವಳು ಹೊಸ ಫೋನಿನಲ್ಲಿ ಕೋಡು ಕೇಳಿದಳು. ಮೂವರೂ ತಮ್ಮನ ಫೋನನ್ನೇ ನೋಡುತ್ತ ನಿಂತೆವು. ಬಂತು. ತಮ್ಮ ಒಂದೊಂದೇ ಅಂಕಿ ಹೇಳಿದ, ಅವಳು ಹಾಕಿದಳು. ಖಾತೆ ತೆರೆಯಿತು. ಹೊಸ ಪಾಸ್‌ವರ್ಡು ಇಡಿ ಎಂದಿತು.

ನಾನು ಎಂದಿನಂತೆ ಹಿಂದೆ ಹೋಗಿ ನಿಂತೆ. ಅವಳ ಬೆರಳು ಪರದೆಯ ಮೇಲೆ ನಿಂತುಬಿಟ್ಟಿತು. ಬೇಗ ಹಾಕಮ್ಮ, ಹೊತ್ತಾದರೆ ಮುಚ್ಚಿಕೊಳ್ಳುತ್ತದೆ ಎಂದೆ. ಅವಳು ಹಾಕಲಿಲ್ಲ. ತಮ್ಮ ತಲೆ ಬಗ್ಗಿಸಿ, ಆಗಲೇ ಬಿಗಿಯಾಗಿದ್ದ ಸ್ಕ್ರೂ ಒಂದನ್ನು ಬಿಗಿ ಮಾಡತೊಡಗಿದ. ಅವಳು ನೆಲ ನೋಡುತ್ತ, ಮೆಲ್ಲಗೆ ಹೇಳಿದಳು.

"ಭಾವ, ಬ್ಯಾಸರ ಮಾಡ್ಕಬ್ಯಾಡಿ. ಒಸಿ ಆ ಕಡೆ ತಿರುಕ್ಕತೀರಾ?"

ಕಿವಿ ಬಿಸಿಯಾಯಿತು. ಖಾತೆ ಕೊಟ್ಟವನು ನಾನು, ನನಗೇ ಹೀಗನ್ನುವುದೇ ಎಂದು ಕೋಪ ನೆತ್ತಿಗೇರಿತು. ಆದರೆ ಏರಿದ್ದು ಅಲ್ಲೇ ನಿಲ್ಲಲಿಲ್ಲ. ನಮ್ಮ ಮನೆಗೆ ಬಂದ ಮೇಲೆ ಅವಳು ತನಗೆಂದು ನನ್ನನ್ನು ಏನನ್ನೂ ಕೇಳಿರಲಿಲ್ಲ. ಮೊದಲ ಸಲ ಕೇಳಿದ್ದು, ನೀವು ನೋಡಬೇಡಿ ಎಂಬುದನ್ನು. ಬಹಳ ನಾಚಿಕೆಯಾಯಿತು. ತಿರುಗಿ ತೆಂಗಿನ ಮರಗಳ ಕಡೆ ಮುಖ ಮಾಡಿ ನಿಂತೆ. ಆಯ್ತೇನಮ್ಮ ಎಂದೆ. ಇನ್ನೂ ಇಲ್ಲ ಭಾವ ಎಂದಳು. ಉದ್ದದ್ದೇ ಇಡುತ್ತಿದ್ದಳು.

ಮನೆಗೆ ಹೋಗುವ ತನಕ ಕಾಯಲು ಅವಳಿಗೆ ತಾಳ್ಮೆ ಇರಲಿಲ್ಲ. ಅಲ್ಲೇ ಮೋಟರಿನ ಪೆಟ್ಟಿಗೆಯ ಮೇಲೆ ಫೋನು ನಿಲ್ಲಿಸಿ, ತಲೆಗೂದಲು ಸರಿಮಾಡಿಕೊಂಡು, ಮೊದಲ ಸಲ ಮುಖ ತೋರಿಸಿ ಮಾತಾಡಿದಳು. ನಾಳೆ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಇಳಿದು ಹೀಗೆ ಹೀಗೆ ಕೋಣೆಗೆ ಬನ್ನಿ, ಟೇಪು, ಕತ್ತರಿ, ಒಂದು ಹಳೇ ಸೀರೆ ತನ್ನಿ ಎಂದಳು. ಅವಳು ಇಷ್ಟೊಂದು ಚೆನ್ನಾಗಿ ಪಾಠ ಹೇಳಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ವಿಡಿಯೊ ಹೋಯಿತು. ನೋಡುನೋಡುತ್ತಲೇ 'ಬತ್ತೀವಿ ಅಕ್ಕ', 'ನಾನೂ ಬತ್ತೀನಿ' ಎಂದು ಬರತೊಡಗಿತು. ಗಂಡ ಹೆಂಡಿರಿಬ್ಬರೂ ತಲೆಗೆ ತಲೆ ಕೊಟ್ಟು ಓದಿಕೊಳ್ಳುತ್ತಿದ್ದರು.

ನಾನು ಸ್ಕೂಟರಿನ ಹತ್ತಿರ ಬಂದು, ನನಗೂ ನೋಡಬೇಕೆನಿಸಿ, ಜೇಬಿನಿಂದ ಫೋನು ತೆಗೆದೆ. ನನ್ನ ಹೆಸರು, ಕೋಟು ಹಾಕಿಕೊಂಡ ನನ್ನ ಫೋಟೊ, ಅದರ ಕೆಳಗೆ ಪಾಸ್‌ವರ್ಡು ಕೇಳುವ ಖಾಲಿ ಗೆರೆ. ನಾನು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲೇ ಅವಳಿದ್ದಳು. ಕೇಳಿದ್ದರೆ ಇಲ್ಲವೆನ್ನದೆ ಹೇಳಿಬಿಡುತ್ತಿದ್ದಳು, ಅದು ನನಗೆ ಗೊತ್ತು. ಕೇಳಲಿಲ್ಲ.